ಎರಡು ದೇವರು, ಒಂದೇ ಸಾಲು

ಪರದೆಯ ಮೇಲೆ ಒಂದೇ ಒಂದು ಸಾಲು ಕೆಂಪಾಗಿ ಉಳಿದಿತ್ತು.

ಉಚ್ಚಂಗೆಮ್ಮ ಕನ್ನಡಕ ತೆಗೆದು ದುಪಟ್ಟಾದ ಅಂಚಿಗೆ ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು. ಸಾಲು ಎಲ್ಲಿಗೂ ಹೋಗಿರಲಿಲ್ಲ. ಬಳ್ಳಾರಿ ಕೌಲ್‌ಬಜಾರಿನ ಅವಳ ಬಾಡಿಗೆ ಕೋಣೆಯ ಕೆಳಗೆ ಜೀನ್ಸ್ ಹೊಲಿಯುವ ಮಷೀನುಗಳು ಬೆಳಗಿನಿಂದ ಗುರ್ರೆನ್ನುತ್ತಿದ್ದವು. ನೆಲ ನಡುಗುವುದು, ಮೇಜಿನ ಮೇಲಿನ ಚಹಾ ಅಲುಗಾಡುವುದು ಅವಳಿಗೆ ರೂಢಿ.

“ಸಿಕ್ಕಿಬಿದ್ದಿ ನೋಡು,” ಎಂದಳು ಆ ಸಾಲಿಗೆ.

ಸಿರುಗುಪ್ಪದ ವಿರೂಪಾಕ್ಷಪ್ಪನವರ ಅಕ್ಕಿ ಗಿರಣಿಯಲ್ಲಿ ಲಾರಿ, ಟ್ರ್ಯಾಕ್ಟರ್ ತೂಗುವ ಕಾಟಾ ರೈತರ ಭತ್ತವನ್ನು ಕಡಿಮೆ ತೋರಿಸಿದ್ದಕ್ಕೆ ಕಾಟಾದ ಆಪರೇಟರ್ ಸುಧಾರಾಣಿ ಪೊಲೀಸರ ವಶದಲ್ಲಿದ್ದಳು. ಇವತ್ತು ಸಂಜೆಯೊಳಗೆ ಬೇರೆ ಏನೂ ಸಿಗದಿದ್ದರೆ ಕಳ್ಳಿ ಎಂದು ಅವಳೊಬ್ಬಳ ಹೆಸರೇ ಕೋರ್ಟಿಗೆ ಹೋಗಲಿತ್ತು.

ಉಚ್ಚಂಗೆಮ್ಮ ಎಂಬ ಹೆಸರು ಕೇಳಿ ಯಾರೋ ಅಜ್ಜಿ ಬರುತ್ತಾಳೆಂದುಕೊಂಡವರು ಅವಳನ್ನು ಕಂಡು ಪೆಚ್ಚಾಗುವುದುಂಟು. ಕುಡತಿನಿಯಲ್ಲಿ ಹುಟ್ಟಿ ಬೆಳೆದವಳು, ನಲವತ್ತು ಇನ್ನೂ ದಾಟಿಲ್ಲ. ಕಂಪ್ಯೂಟರಿನ ಹೊಟ್ಟೆ ಬಗೆದು ಸಾಕ್ಷಿ ತೆಗೆಯುವ ಖಾಸಗಿ ಪತ್ತೇದಾರಿಕೆ ಅವಳ ಕಸುಬು. ಪೊಲೀಸರು ಅವಳನ್ನು ಬೈಯುತ್ತಲೇ ಕರೆಯುತ್ತಿದ್ದರು, ಕರೆದ ಮೇಲೆ ಇನ್ನಷ್ಟು ಬೈಯುತ್ತಿದ್ದರು.

ಕೆಂಪು ಸಾಲಿನ ಗುಟ್ಟು ದೊಡ್ಡದೇನಲ್ಲ. ಯಾವುದೇ ಫೈಲನ್ನು ಒಂದು ಗಟ್ಟಿ ಲೆಕ್ಕದ ಮೂಲಕ ಹಾಯಿಸಿದರೆ ಅಕ್ಷರ, ಅಂಕಿಗಳು ಬೆರೆತ ಉದ್ದನೆಯ ಒಂದು ಸಾಲು ಹೊರಬೀಳುತ್ತದೆ. ಅದಕ್ಕೆ ಹ್ಯಾಶ್ ಎನ್ನುತ್ತಾರೆ. ಅದೇ ಫೈಲು ಬಳ್ಳಾರಿಯಲ್ಲಿರಲಿ, ಬೇರೆ ದೇಶದಲ್ಲಿರಲಿ, ಬರುವುದು ಅದೇ ಸಾಲು. ಫೈಲಿನ ಒಳಗೆ ಒಂದು ಚುಕ್ಕೆ ಆಚೀಚೆಯಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಹೊರಗಿನ ಹೆಸರನ್ನು ಏನು ಬೇಕಾದರೂ ಇಟ್ಟುಕೊಳ್ಳಬಹುದು, ಹ್ಯಾಶ್ ಹೆಸರಿನ ಕಡೆ ತಿರುಗಿಯೂ ನೋಡುವುದಿಲ್ಲ.

ಹೆಸರಾಂತ ಸಾಫ್ಟ್‌ವೇರುಗಳ ಹ್ಯಾಶ್‌ಗಳನ್ನೆಲ್ಲ ಕೂಡಿಟ್ಟ ದೊಡ್ಡ ಪಟ್ಟಿಗಳಿವೆ. ಪೊಲೀಸರು ಸೀಲು ಮಾಡಿದ ಗಿರಣಿಯ ಡಿಸ್ಕಿನ ಪ್ರತಿಯಲ್ಲಿದ್ದ ಲಕ್ಷಾಂತರ ಫೈಲುಗಳನ್ನು ಉಚ್ಚಂಗೆಮ್ಮ ಆ ಪಟ್ಟಿಯ ಜೊತೆ ತಾಳೆ ನೋಡಿದಳು. ಮೊರದಲ್ಲಿ ಕೇರಿದಾಗ ಹೊಟ್ಟು ಹಾರುವ ಹಾಗೆ ಪರಿಚಯದವೆಲ್ಲ ಹಾರಿಹೋದವು. ಉಳಿದದ್ದು ‘ತೂಕಮಿತ್ರ’ ಎಂಬ ಕಾಟಾ ಪ್ರೋಗ್ರಾಂ ಮಾತ್ರ. ಅದನ್ನು ಮಾಡಿದ ಹುಬ್ಬಳ್ಳಿಯ ಕಂಪನಿಯವರು ತಮ್ಮ ಅಸಲಿ ಫೈಲುಗಳನ್ನೂ ಅವುಗಳ ಹ್ಯಾಶ್‌ಗಳನ್ನೂ ಬೆಳಿಗ್ಗೆ ತಾನೇ ಕಳಿಸಿಕೊಟ್ಟಿದ್ದರು. ಚಿಲ್ಲರೆ ಫೈಲುಗಳೆಲ್ಲ ಅಸಲಿಗೆ ತಾಳೆಯಾದವು. ತೂಕವನ್ನು ಪರದೆಗೆ ತರುವ ಮುಖ್ಯ ಫೈಲೊಂದೇ ತಾಳೆಯಾಗಲಿಲ್ಲ.

ಅದರ ಹೆಸರು ಅಸಲಿಯದೇ, ಗಾತ್ರವೂ ತಾರೀಖೂ ಅಸಲಿಯವೇ. ಯಾರೋ ಬಹಳ ನಾಜೂಕಾಗಿ ವೇಷ ಕಟ್ಟಿದ್ದರು.

ಅವಳು ಸಿರುಗುಪ್ಪದ ಸಬ್ ಇನ್‌ಸ್ಪೆಕ್ಟರ್ ಎರ್ರಿಸ್ವಾಮಿಗೆ ಫೋನ್ ಹಚ್ಚಿದಳು.

“ಸರ್, ಕಾಟಾ ಪ್ರೋಗ್ರಾಂ ನಕಲಿ ಐತ್ರಿ.”

“ಹೆಂಗಮ್ಮ ನಕಲಿ? ಹಂಪೇಶ ಖುದ್ದು ನೋಡಿ ಬರ್ದು ಕೊಟ್ಟಾನ, ಒರಿಜಿನಲ್ ಐತಿ ಅಂತ. ಪ್ರೋಗ್ರಾಂ ಸರಿ ಐತಿ ಅಂದ ಮ್ಯಾಲ ತೂಕ ಕಡಿಮಿ ಮಾಡಿದ್ದು ಆ ಹುಡುಗಿ ಕೈಯೇ ಅಲ್ಲೇನು?”

“ಹಂಪೇಶ ಯಾರ್ರಿ?”

“ಕಂಪ್ಯೂಟರ್ ರಿಪೇರಿ ಮಾಡ್ತಾನಲ್ಲ. ಸಿರುಗುಪ್ಪ, ಕುರುಗೋಡು ಕಡೆ ಎಲ್ಲಾ ಕಾಟಾಗೂ ಅವನೇ ಸರ್ವಿಸ್ ಮಾಡೋದು.”

“ಅಂದ್ರ ಮಷೀನ್ ಯಾರು ಮುಟ್ಟ್ಯಾರೋ ಅವರ ಕೈಲೇ ಸರ್ಟಿಫಿಕೇಟ್ ಬರಸ್ಕಂಡ್ರಿ.”

“ಊರಾಗ ಇನ್ಯಾರು ಅದಾರಮ್ಮ ಕಂಪ್ಯೂಟರ್ ಗೊತ್ತಿರೋರು,” ಎಂದರು ಎರ್ರಿಸ್ವಾಮಿ, ದನಿ ಇಳಿಸಿ.

ನಗು ಬಂದರೂ ಉಚ್ಚಂಗೆಮ್ಮ ನಗಲಿಲ್ಲ. ಅದು ನಮ್ಮ ಸೀಮೆಯವರೆಲ್ಲ ಮಾಡುವ ತಪ್ಪೇ. ಗೊತ್ತಿದ್ದವನೊಬ್ಬ ಇದ್ದರೆ ಸಾಕು, ಎಲ್ಲದಕ್ಕೂ ಅವನನ್ನೇ ಕರೆಯುವುದು, ಅವನ ಕೆಲಸವನ್ನು ಅವನಿಂದಲೇ ಒರೆಗೆ ಹಚ್ಚಿಸುವುದು. ಅಷ್ಟರಲ್ಲಿ ದೇಶನೂರಿನಲ್ಲಿ ಸುಧಾರಾಣಿಯ ತಾಯಿ ಮಂಜಮ್ಮನ ಮನೆ ಕಡೆ ಜನ ಹೋಗುವುದನ್ನೇ ಬಿಟ್ಟಿದ್ದರು. ಹಾಲು ಹಾಕುವವಳು ಕೂಡ ಅವರ ಬಾಗಿಲು ದಾಟಿ ಮುಂದೆ ಹೋಗುತ್ತಿದ್ದಳು.

“ಮಧ್ಯಾಹ್ನ ಎಲ್ಲಾರ್ನೂ ಗಿರಣಿ ಅಂಗಳದಾಗ ಸೇರಸ್ರಿ ಸರ್,” ಎಂದಳು. “ಹಂಪೇಶ ಇರ್ಲಿ, ಗಿರಣಿ ಸಾವುಕಾರ್ರು ಇರ್ಲಿ. ಕಂಪ್ಲೇಂಟ್ ಕೊಟ್ಟ ರೈತ ಭತ್ತ ತುಂಬಿದ ಟ್ರ್ಯಾಕ್ಟರ್ ತರ್ಲಿ. ನಾ ಕುರುಗೋಡು ಮ್ಯಾಲ ಬರ್ತೀನಿ.”

“ಕುರುಗೋಡಿನಾಗ ಏನೈತಿ?”

“ಗೊತ್ತಿಲ್ರಿ. ನೋಡಾಕೇ ಹೊಂಟೀನಿ.”

*

ಬಿಸಿಲು ಬೆಳಿಗ್ಗೆಯೇ ನೆತ್ತಿಗೆ ಏರಿ ಕುಳಿತಿತ್ತು. ಕಾರಿನ ಎ.ಸಿ. ಹೋದ ವರ್ಷವೇ ಕೈಕೊಟ್ಟಿತ್ತು. ಬಳ್ಳಾರಿಯ ಬಂಡೆಗಳನ್ನು ಹಿಂದೆ ಹಾಕಿ, ಕಾಲುವೆ ನೀರಿನ ತಂಪು ಒಂಚೂರು ಮುಖಕ್ಕೆ ತಾಗುವಷ್ಟರಲ್ಲಿ ಕುರುಗೋಡಿನ ಗುಡ್ಡ ಎದುರಾಯಿತು.

ಮರಿಬಸಪ್ಪನವರ ಕಾಟಾ ಊರಿನ ಹೊರಗಿತ್ತು. ಸುತ್ತಲಿನ ಭತ್ತ ಕೊಳ್ಳಲು ಬರುತ್ತಿದ್ದ ಲಾರಿಗಳು ಅಲ್ಲೇ ತೂಕ ಮಾಡಿಸುತ್ತಿದ್ದವು. ಭತ್ತ ಕೊಳ್ಳುತ್ತಿದ್ದವರೂ ಸಿರುಗುಪ್ಪದ ವಿರೂಪಾಕ್ಷಪ್ಪನವರೇ. ಮರಿಬಸಪ್ಪನವರದು ತೂಗಿ ಚೀಟಿ ಕೊಡುವ ಕೆಲಸವಷ್ಟೇ.

“ಬರ್ರಿ, ಕುಂದರ್ರಿ,” ಎಂದು ಉಪಚರಿಸಿದ ಮರಿಬಸಪ್ಪ, ಬಂದ ಕಾರಣ ಕೇಳಿದ ಮೇಲೆ ಮುಖ ಗಂಟು ಹಾಕಿಕೊಂಡರು. “ನಮ್ಮಪ್ಪನ ಕಾಲದಿಂದ ತೂಗಾಕತ್ತೀವಿ ತಂಗಿ. ನಮ್ಮ ಕಾಟಾಕ್ಕ ಯಾರೂ ಬಟ್ಟು ಮಾಡಿ ತೋರ್ಸಿಲ್ಲ.”

“ನಿಮ್ಮ ಮ್ಯಾಲ ಅನುಮಾನ ಇಲ್ರಿ. ನಿಮ್ಮ ಕಂಪ್ಯೂಟರ್ ಮ್ಯಾಲ ಐತಿ. ಪೊಲೀಸ್ನೋರ ಪತ್ರ ಇಲ್ಲೈತಿ ನೋಡ್ರಿ.”

“ಎರಡೂ ಒಂದೇ ಅಲ್ಲೇನು?”

“ಅದನ್ನೇ ನೋಡೋಣಂತ.”

ಮರಿಬಸಪ್ಪ ಗೊಣಗುತ್ತಾ ಕುರ್ಚಿ ಬಿಟ್ಟುಕೊಟ್ಟರು. ಗೊಣಗಿದರೂ ಮಜ್ಜಿಗೆ ತರಿಸಿದರು. ಉಚ್ಚಂಗೆಮ್ಮ ಮೂಲ ಫೈಲಿಗೆ ಧಕ್ಕೆಯಾಗದಂತೆ ಅದರ ಪ್ರತಿ ತೆಗೆದು, ತನ್ನ ಲ್ಯಾಪ್‌ಟಾಪಿನಲ್ಲಿ ಹ್ಯಾಶ್ ಲೆಕ್ಕ ಹಾಕಿದಳು. ಸಾಲು ಮೂಡಿತು. ಸಿರುಗುಪ್ಪದ ಸಾಲನ್ನು ಅದರ ಪಕ್ಕ ತಂದಿಟ್ಟಳು.

ಮೊದಲ ಅಕ್ಷರದಿಂದ ಕೊನೆಯ ಅಂಕಿಯವರೆಗೆ ಎರಡೂ ಒಂದೇ ಆಗಿದ್ದವು. ಅಸಲಿ ಸಾಲು ಇಲ್ಲೂ ಇರಲಿಲ್ಲ. ಸಿರುಗುಪ್ಪದ ನಕಲಿಯೇ ಕುರುಗೋಡಿನಲ್ಲೂ ಠಿಕಾಣಿ ಹೂಡಿತ್ತು.

ಅವಳಿಗೆ ಎದ್ದು ಕುಣಿಯಬೇಕೆನ್ನಿಸಿತು. ಮರಿಬಸಪ್ಪನವರ ಮುಖ ನೋಡಿ ಕುಣಿಯಲಿಲ್ಲ.

“ಈ ಮಷೀನಿಗೆ ಕಡೀಗೆ ಕೈ ಹಾಕಿದ್ದು ಯಾರ್ರಿ?”

“ಹಂಪೇಶ. ಯುಗಾದಿ ಆದ ಮ್ಯಾಲ ಬಂದಿದ್ದ. ವೈರಸ್ ಬಂದೈತಿ, ಎಲ್ಲಾ ಕಾಟಾಗೂ ಹೊಸಾದು ಹಾಕಾಕತ್ತೀನಿ ಅಂದ.”

“ಸುಧಾರಾಣಿ ಅಂತ ಹುಡುಗಿ, ದೇಶನೂರಿನಾಕಿ. ಯಾವಾಗರ ಇಲ್ಲಿಗೆ ಬಂದಿದ್ಲೇನ್ರಿ?”

“ಯಾವ ಸುಧಾರಾಣಿ? ಈ ಕೋಣಿಯೊಳಗ ನಾನು, ನನ್ನ ಮಗ, ಆ ಹಂಪೇಶ, ಮೂವರ್ನ ಬಿಟ್ಟು ಯಾರೂ ಕಾಲಿಟ್ಟಿಲ್ಲ.” ಮರಿಬಸಪ್ಪ ಪರದೆಯನ್ನೂ ಅವಳನ್ನೂ ನೋಡಿದರು. “ಅಂದ್ರ ನಾ ಕೊಟ್ಟ ಚೀಟಿಯೆಲ್ಲಾ ಸುಳ್ಳೇನು ತಂಗಿ?”

ಹಿರಿಯ ಮನುಷ್ಯ ತಲೆಯ ಮೇಲೆ ಕೈ ಇಟ್ಟುಕೊಂಡು ಕುಳಿತುಬಿಟ್ಟರು. ಮೇಜಿನ ಮೇಲಿದ್ದ ಒಂದು ಹಳೆಯ ತೂಕದ ಚೀಟಿಯನ್ನು ಕೇಳಿ ಪಡೆದು ಉಚ್ಚಂಗೆಮ್ಮ ಎದ್ದಳು. ಚೀಟಿಯ ತಲೆಯ ಮೇಲೆ ‘ಶ್ರೀ ದೊಡ್ಡಬಸವೇಶ್ವರ ಪ್ರಸನ್ನ’ ಎಂದು ಅಚ್ಚಾಗಿತ್ತು. ದೇವರ ಹೆಸರಿಲ್ಲದ ಚೀಟಿಯನ್ನು ಈ ಸೀಮೆಯಲ್ಲಿ ಯಾರೂ ಕೈಯಲ್ಲಿ ಹಿಡಿಯುವುದಿಲ್ಲ.

*

ಸಿರುಗುಪ್ಪದ ಗಿರಣಿಯ ಅಂಗಳದಲ್ಲಿ ಜನ ಆಗಲೇ ಸೇರಿದ್ದರು. ದೇಶನೂರಿನ ರೈತ ಚಿದಾನಂದಪ್ಪನ ಟ್ರ್ಯಾಕ್ಟರ್ ಭತ್ತದ ಚೀಲ ಹೊತ್ತು ಕಾಟಾದ ಪಕ್ಕ ನಿಂತಿತ್ತು. ಸುಧಾರಾಣಿಯ ಮೇಲೆ ದೂರು ಕೊಟ್ಟವನು ಅವನೇ. ತನ್ನೂರಿನ ಹುಡುಗಿಯೇ ತನಗೆ ಮೋಸ ಮಾಡಿದಳೆಂಬ ಸಿಟ್ಟು ಅವನ ಮುಖದಲ್ಲಿ ಇನ್ನೂ ಆರಿರಲಿಲ್ಲ.

ಬೇವಿನ ಮರದ ನೆರಳಲ್ಲಿ ಮಹಿಳಾ ಪೇದೆಯ ಪಕ್ಕ ಸುಧಾರಾಣಿ ನಿಂತಿದ್ದಳು. ಅತ್ತು ಅತ್ತು ಕಣ್ಣು ಊದಿಕೊಂಡಿದ್ದವು. ಸ್ವಲ್ಪ ದೂರದಲ್ಲಿ, ಗೇಟಿನ ಹತ್ತಿರ, ತಾಯಿ ಮಂಜಮ್ಮ ನೆಲದ ಮೇಲೆ ಕುಳಿತಿದ್ದಳು. ಅವಳ ಅಕ್ಕಪಕ್ಕ ಒಬ್ಬರೂ ಇರಲಿಲ್ಲ.

“ಬರ್ರಿ ತಂಗಿ, ಬಿಸಲಾಗ ಬಂದೀರಿ,” ಎಂದು ವಿರೂಪಾಕ್ಷಪ್ಪ ಎದ್ದು ನಿಂತರು. ಹಣೆಯ ತುಂಬ ವಿಭೂತಿ, ಗರಿಗರಿ ಬಿಳಿ ಅಂಗಿ, ಸಕ್ಕರೆಯಂಥ ಮಾತು. “ನಮ್ಮ ಅಂಗಳದಾಗ ಹಿಂಗಾತಲ್ಲ ಅಂತ ನಂಗೂ ಸಂಕಟ ಐತಿ. ಆ ಹುಡುಗಿ ತಪ್ಪು ಒಪ್ಕಂಡ್ರ ನಾನೇ ಮಾತಾಡಿ ಶಿಕ್ಷೆ ಕಡಿಮಿ ಮಾಡಿಸ್ತೀನಿ.”

“ಒಪ್ಕಳ್ಳೋರು ಒಪ್ಕಳ್ಳಿ ಬಿಡ್ರಿ,” ಎಂದಳು ಉಚ್ಚಂಗೆಮ್ಮ.

ಮೇಜು ಹಾಕಿದರು. ಸೀಲಾದ ಡಿಸ್ಕನ್ನು ಮುಟ್ಟದೆ ಅದರ ನಕಲನ್ನು ಕಾಟಾದ ಕಂಪ್ಯೂಟರಿಗೆ ಹಾಕಿದರು. ಎರ್ರಿಸ್ವಾಮಿ ಸಾಕ್ಷಿಗೆಂದು ಕರೆತಂದ ಇಬ್ಬರು ಪಂಚರು ಪಕ್ಕದಲ್ಲಿ ಕುಳಿತರು. ಉಚ್ಚಂಗೆಮ್ಮ ಹ್ಯಾಶ್ ಎಂದರೇನು ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಒಂದು ಅಕ್ಷರ ಬದಲಾದರೂ ಸಾಲು ಪೂರ್ತಿ ಬದಲಾಗುತ್ತದೆ ಎಂದು ಒತ್ತಿ ಹೇಳಿದಳು. ಕಂಪನಿಯ ಅಸಲಿ ಸಾಲನ್ನೂ ಗಿರಣಿಯ ಸಾಲನ್ನೂ ಓದಿದಳು.

“ಹೆಬ್ಬೆಟ್ಟಿನ ಗುರ್ತು ಇದ್ದಂಗ ಅನ್ರಿ,” ಎಂದರು ಎರ್ರಿಸ್ವಾಮಿ.

“ಹಂಗೇ ಅಂತ ತಿಳ್ಕಳ್ರಿ. ಎರಡೂ ತಾಳೆ ಆಗಂಗಿಲ್ಲ. ಪ್ರೋಗ್ರಾಂನಾಗ ಯಾರೋ ಕೈ ಆಡಿಸ್ಯಾರ.”

ಜನ ಗುಜುಗುಜು ಎಂದರು. ಆಗ ಹಂಪೇಶ ಮುಂದೆ ಬಂದ. ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಲ್ಯಾಪ್‌ಟಾಪಿನ ಚೀಲ, ಮುಖದಲ್ಲಿ ಕಿಂಚಿತ್ತೂ ಗಾಬರಿಯಿಲ್ಲ.

“ಮೇಡಂ ಹೇಳಿದ್ದು ಖರೆ ಐತ್ರಿ,” ಎಂದ. “ಕೈ ಆಡಿಸಿದ್ದು ನಾನೇ. ಚೀಟಿ ಮ್ಯಾಲ ದೇವರ ಹೆಸರು ಬೇಕು ಅಂತಾರಲ್ರಿ ಎಲ್ಲಾರೂ. ಕಂಪನಿಯೋರು ಅದನ್ನ ಕೊಡಂಗಿಲ್ಲ. ನಾ ಪ್ರೋಗ್ರಾಂ ಬಿಚ್ಚಿ, ಒಳಗ ದೇವರ ಹೆಸರು ಸೇರಿಸಿ ಕೊಡ್ತೀನಿ. ಒಂದು ಅಕ್ಷರ ಸೇರಿಸಿದ್ರ ಸಾಲು ಬದಲಾಗ್ತೈತಿ ಅಂತ ಈಗ ಮೇಡಮ್ಮೇ ಹೇಳಿದ್ರು. ದೇವರ ಹೆಸರು ಸೇರಿಸಿದ್ದು ಕಳ್ಳತನ ಏನ್ರಿ?”

ಪಂಚರು ತಲೆಯಾಡಿಸಿದರು. ವಿರೂಪಾಕ್ಷಪ್ಪ ತಮ್ಮ ಗಿರಣಿಯ ಚೀಟಿಯೊಂದನ್ನು ಎತ್ತಿ ಹಿಡಿದರು. ಅದರ ತಲೆಯ ಮೇಲೆ ‘ಶ್ರೀ ವೀರಭದ್ರೇಶ್ವರ ಪ್ರಸನ್ನ’ ಎಂದಿತ್ತು. ಹಿಂದೆ ನಿಂತಿದ್ದ ಯಾರೋ ಮುದುಕ ಕೈ ಮುಗಿದ.

ಎರ್ರಿಸ್ವಾಮಿ ಉಚ್ಚಂಗೆಮ್ಮನ ಕಡೆ ನೋಡಿದರು. ಮುಗೀತೇನಮ್ಮ ನಿನ್ನ ಆಟ ಎಂದು ಅವರ ಕಣ್ಣು ಕೇಳುತ್ತಿತ್ತು. ಮರದ ಕೆಳಗೆ ಸುಧಾರಾಣಿ ತಲೆ ತಗ್ಗಿಸಿದಳು.

ಸುಳ್ಳು ಚೆನ್ನಾಗಿತ್ತು, ಒಪ್ಪಿಕೊಳ್ಳಲೇಬೇಕು. ದೇವರನ್ನು ಮುಂದೆ ನಿಲ್ಲಿಸಿ ಹಂಪೇಶ ಹಿಂದೆ ಅವಿತಿದ್ದ. ಅವನನ್ನು ಹಿಡಿಯಬೇಕಾದರೆ ದೇವರನ್ನೇ ಸರಿಸಬೇಕು, ಅದಕ್ಕೆ ಈ ಅಂಗಳದಲ್ಲಿ ಯಾರಿಗೆ ಧೈರ್ಯವಿದೆ? ಆದರೂ ಉಚ್ಚಂಗೆಮ್ಮನಿಗೆ ಒಳಗೊಳಗೇ ಎಂಥ ಖುಷಿಯಾಯಿತೆಂದರೆ, ಅದನ್ನು ಮುಚ್ಚಿಡಲು ಬಗ್ಗಿ ಚೀಲದಲ್ಲಿ ಏನೋ ಹುಡುಕುವ ಹಾಗೆ ಮಾಡಬೇಕಾಯಿತು.

“ಹಂಪೇಶಣ್ಣ,” ಎಂದಳು, ಬಹಳ ಮೆತ್ತಗೆ. “ದೇವರ ಹೆಸರು ಪ್ರೋಗ್ರಾಂ ಒಳಗೇ ಹಾಕೀಯೇನು? ಬ್ಯಾರೆ ಎಲ್ಲೂ ಅಲ್ಲ?”

“ಒಳಗೇ ಹಾಕೀನ್ರಿ.”

“ಆ ಮುಖ್ಯ ಫೈಲಿನಾಗೇ?”

“ಹೌದ್ರಿ.”

“ಅದು ಬಿಟ್ಟು ಬ್ಯಾರೆ ಏನೂ ಬದಲಿ ಮಾಡಿಲ್ಲ?”

“ನನ್ನ ತಾಯಿ ಆಣಿ, ಏನೂ ಇಲ್ಲ.”

“ಬ್ಯಾರೆ ಊರಿನ ಕಾಟಾಗೂ ಹಿಂಗೇ ಮಾಡ್ತೀಯೇನು?”

“ಎಲ್ಲಾ ಕಡಿಗೂ ಹಿಂಗೇ. ಅವರವರ ಮನಿ ದೇವರ ಹೆಸರು ಹಾಕಿ ಕೊಡ್ತೀನಿ.”

“ಕುರುಗೋಡಿನ ಮರಿಬಸಪ್ಪನವರಿಗೆ ಯಾವ ದೇವರು ಹಾಕೀಯ?”

“ದೊಡ್ಡಬಸವೇಶ್ವರ.” ಹಂಪೇಶ ನಕ್ಕ. “ಅಲ್ಲಿ ಇನ್ಯಾವ ದೇವರು ಹಾಕಾಕ ಬರ್ತೈತ್ರಿ?”

“ಪಂಚರು ಕೇಳಿಸ್ಕಂಡ್ರೇನ್ರಿ?” ಪಂಚರು ಹೂಂಗುಟ್ಟಿದರು. ಎರ್ರಿಸ್ವಾಮಿ ಬರೆದುಕೊಂಡರು. ಹಂಪೇಶ ಸಹಿ ಹಾಕೆಂದಲ್ಲಿ ಸಹಿ ಹಾಕಿದ.

ಉಚ್ಚಂಗೆಮ್ಮ ಚೀಲದಿಂದ ಒಂದು ಹಾಳೆ ತೆಗೆದು ವಿರೂಪಾಕ್ಷಪ್ಪನವರ ಕೈಗೆ ಕೊಟ್ಟಳು. ಗಿರಣಿಯ ಸಾಲಿದ್ದ ಇನ್ನೊಂದು ಹಾಳೆಯನ್ನು ಎರ್ರಿಸ್ವಾಮಿಗೆ ಕೊಟ್ಟಳು.

“ಸಾವುಕಾರ್ರೆ, ನಿಮ್ಮ ಕೈಯಾಗಿರೋದು ಕುರುಗೋಡಿನ ಕಾಟಾ ಪ್ರೋಗ್ರಾಂನ ಹ್ಯಾಶ್. ಈಗ ತಾನೇ ಮರಿಬಸಪ್ಪನವರ ಎದುರಿಗೆ ತಗಂಡೀನಿ. ಒಂದೊಂದೇ ಅಕ್ಷರ ಗಟ್ಟಿಯಾಗಿ ಓದ್ರಿ. ಸರ್, ನಿಮ್ಮ ಹಾಳೆಯಾಗ ಅದೇ ಇದ್ರ ಹೌದು ಅನ್ರಿ.”

“ನಾ ಯಾಕ ಓದ್ಲಿ?”

“ನಿಮ್ಮ ಅಂಗಳದಾಗ ನೀವೇ ಓದಿದ್ರ ಚೆಂದ ಅಲ್ಲೇನ್ರಿ?”

ಜನರೆಲ್ಲ ನೋಡುತ್ತಿದ್ದರು. ವಿರೂಪಾಕ್ಷಪ್ಪ ಕನ್ನಡಕ ಏರಿಸಿ ಓದತೊಡಗಿದರು.

“ಒಂಬತ್ತು.”

“ಹೌದು,” ಎಂದರು ಎರ್ರಿಸ್ವಾಮಿ.

“ಎಫ್.”

“ಹೌದು.”

“ಮೂರು. ಎ.”

“ಹೌದು. ಹೌದು.”

ಓದುತ್ತಾ ಓದುತ್ತಾ ವಿರೂಪಾಕ್ಷಪ್ಪನವರ ದನಿ ಇಳಿಯಿತು. ಎರ್ರಿಸ್ವಾಮಿಯ ‘ಹೌದು’ ಮಾತ್ರ ಏರುತ್ತಾ ಹೋಯಿತು. ಅರ್ಧ ಸಾಲಿಗೆ ಬರುವಷ್ಟರಲ್ಲಿ ಸಾವುಕಾರರು ನಿಂತುಬಿಟ್ಟರು. ಅವರಿಗೆ ತಿಳಿದುಹೋಗಿತ್ತು.

“ಯಾಕ ನಿಂತ್ರಿ? ಓದ್ರಿ.”

“ಕಣ್ಣು ಮಂಜಾಗ್ತೈತಿ.”

ಉಳಿದದ್ದನ್ನು ಪಂಚರಲ್ಲೊಬ್ಬ ಓದಿದ. ಕೊನೆಯ ಅಂಕಿಗೂ ಎರ್ರಿಸ್ವಾಮಿ “ಹೌದು” ಎಂದರು.

ಉಚ್ಚಂಗೆಮ್ಮ ಎರಡು ಚೀಟಿಗಳನ್ನು ಪಕ್ಕ ಪಕ್ಕ ಇಟ್ಟಳು. “ಇಲ್ಲಿ ವೀರಭದ್ರೇಶ್ವರ, ಅಲ್ಲಿ ದೊಡ್ಡಬಸವೇಶ್ವರ. ಹಂಪೇಶಣ್ಣ ಹೇಳಿದಂಗ ದೇವರ ಹೆಸರು ಪ್ರೋಗ್ರಾಂ ಒಳಗ ಇದ್ದಿದ್ರ ಎರಡೂ ಊರಿನ ಸಾಲು ಬ್ಯಾರೆ ಬ್ಯಾರೆ ಇರಬೇಕಿತ್ತು. ಒಂದು ಅಕ್ಷರಾನೂ ಬ್ಯಾರೆ ಇಲ್ಲ. ಅಂದ್ರ ಅದರೊಳಗ ಯಾವ ದೇವರೂ ಇಲ್ಲ. ದೇವರ ಹೆಸರು ಇರೋದು ಪಕ್ಕದಾಗಿರೋ ಈ ಸಣ್ಣ ಫೈಲಿನಾಗ.” ಅವಳು ಅದನ್ನು ತೆರೆದು ತೋರಿಸಿದಳು. ನಾಲ್ಕೇ ಸಾಲಿನ ಫೈಲು, ಮೊದಲ ಸಾಲಿನಲ್ಲೇ ವೀರಭದ್ರೇಶ್ವರ ಕುಳಿತಿದ್ದ. “ಕಂಪನಿಯೋರೇ ಇದಕ್ಕ ಅಂತ ಜಾಗ ಬಿಟ್ಟಾರ. ಹಂಗಾದ್ರ ದೊಡ್ಡ ಫೈಲಿನಾಗ ಏನು ಸೇರಿಸೀಯ, ಅಣ್ಣ?”

ಹಂಪೇಶನ ಹಣೆಯಲ್ಲಿ ಬೆವರು ಮೂಡಿತು. ಬಿಸಿಲಿಗೆ ಎಲ್ಲರ ಹಣೆಯಲ್ಲೂ ಬೆವರಿತ್ತು, ಆದರೆ ಒರೆಸಿಕೊಳ್ಳಲು ಮರೆತವನು ಅವನೊಬ್ಬನೇ.

“ಅದನ್ನ ಕಾಟಾನೇ ಹೇಳ್ಲಿ,” ಎಂದು ಅವಳು ಚಿದಾನಂದಪ್ಪನ ಕಡೆ ತಿರುಗಿದಳು. “ಯಜಮಾನ್ರೆ, ಟ್ರ್ಯಾಕ್ಟರ್ ಹತ್ತಸ್ರಿ.”

ಟ್ರ್ಯಾಕ್ಟರ್ ಕಾಟಾ ಹತ್ತಿತು. ಗಿರಣಿಯ ಪ್ರೋಗ್ರಾಂ ತೂಕ ತೋರಿಸಿತು, ಎರ್ರಿಸ್ವಾಮಿ ಗಟ್ಟಿಯಾಗಿ ಓದಿದರು. ಟ್ರ್ಯಾಕ್ಟರನ್ನು ಒಂದಿಂಚೂ ಸರಿಸದೆ ಉಚ್ಚಂಗೆಮ್ಮ ಅದೇ ಕಂಪ್ಯೂಟರಿನಲ್ಲಿ ಕಂಪನಿಯ ಅಸಲಿ ಪ್ರೋಗ್ರಾಂ ಓಡಿಸಿದಳು. ಪರದೆಯ ಅಂಕಿ ಬದಲಾಯಿತು. ಅದೇ ಟ್ರ್ಯಾಕ್ಟರ್, ಅದೇ ಚೀಲ, ಮೂರು ಕ್ವಿಂಟಾಲ್ ಹೆಚ್ಚಿಗೆ.

“ತಪಾಸಣೆಗೆ ಬಂದೋರು ಸಣ್ಣ ತೂಕದ ಕಲ್ಲು ಇಟ್ಟು ನೋಡ್ತಾರ. ಆಗ ಈ ನಕಲಿ ಬರೋಬರಿ ತೋರಿಸ್ತೈತಿ,” ಎಂದಳು. “ತುಂಬಿದ ಗಾಡಿ ಹತ್ತಿದ್ರ ಮಾತ್ರ ಕಚ್ಚತೈತಿ. ಇದಕ್ಕ ಯಾರೂ ಬಟನ್ ಒತ್ತಬೇಕಿಲ್ಲ. ನೋಡ್ರಿ, ಸುಧಾರಾಣಿ ಅಲ್ಲಿ ಮರದ ಕೆಳಗ ನಿಂತಾಳ. ಕೀಬೋರ್ಡಿನ ಹತ್ರಾನೂ ಬಂದಿಲ್ಲ.”

ಮುನ್ನೂರು ಕಣ್ಣು ಒಟ್ಟಿಗೆ ಮರದ ಕಡೆ ತಿರುಗಿದವು. ಸುಧಾರಾಣಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

“ಸಾವುಕಾರ್ರು ಕೊಟ್ಟಿದ್ದನ್ನ ಹಾಕೀನ್ರಿ,” ಎಂದ ಹಂಪೇಶ, ಒಮ್ಮೆಲೇ. “ನಂಗ ಪ್ರೋಗ್ರಾಂ ಬರಿಯಾಕ ಬರಂಗಿಲ್ಲ. ಸಿದ್ಧ ಮಾಡಿದ್ದನ್ನ ತಂದು ಕೊಟ್ರು, ಎರಡೂ ಕಡಿ ಹಾಕಿದೆ.”

“ಲೇ, ಬಾಯಿ ಮುಚ್ಚು,” ಎಂದರು ವಿರೂಪಾಕ್ಷಪ್ಪ. ಸಕ್ಕರೆಯೆಲ್ಲ ಕರಗಿಹೋಗಿತ್ತು.

“ನಿಮಗ ಅದನ್ನ ಮಾಡಿ ಕೊಟ್ಟೋರು ಯಾರ್ರಿ?” ಎಂದು ಕೇಳಿದಳು ಉಚ್ಚಂಗೆಮ್ಮ.

“ನಮ್ಮ ವಕೀಲರು ಬರ್ಲಿ. ಆಮ್ಯಾಲ ಮಾತು.”

ಎರ್ರಿಸ್ವಾಮಿ ಇಬ್ಬರನ್ನೂ ಜೀಪಿಗೆ ಹತ್ತಿಸಿದರು. ರೈತರು ಅಡ್ಡ ಬಂದು ಬೈಯಬಹುದೆಂದು ಪೇದೆಗಳು ಅಂದುಕೊಂಡಿದ್ದರು. ಯಾರೂ ಬೈಯಲಿಲ್ಲ. ಎಲ್ಲರೂ ಮಂಜಮ್ಮನ ಕಡೆ ನಡೆದಿದ್ದರು.

ಚಿದಾನಂದಪ್ಪ ಮೊದಲು ಹೋಗಿ ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತ. “ತಪ್ಪಾತವ್ವ,” ಎಂದ. “ನಿನ್ನ ಮಗಳನ್ನ ಕಳ್ಳಿ ಅಂದೆ. ನನ್ನ ಬಾಯಿಗೆ ಹುಳ ಬೀಳ್ಲಿ.” ಮಂಜಮ್ಮ ಓಡಿ ಬಂದ ಮಗಳ ಕೈ ಹಿಡಿದುಕೊಂಡು, ಚಿದಾನಂದಪ್ಪನ ತಲೆಯ ಮೇಲೂ ಒಮ್ಮೆ ಕೈ ಆಡಿಸಿದಳು. ಯಾರೋ ಓಡಿಹೋಗಿ ಮಂಡಕ್ಕಿ ಒಗ್ಗಾಣಿ, ಮಿರ್ಚಿ ಕಟ್ಟಿಸಿಕೊಂಡು ಬಂದರು. ಅಂಗಳದಲ್ಲೇ ಕಾಗದ ಹರಡಿ ಎಲ್ಲರೂ ತಿಂದರು. ಉಚ್ಚಂಗೆಮ್ಮನಿಗೆ ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಖಾರಕ್ಕೇ ಎಂದು ಅವಳು ಎರಡು ಸಲ ಹೇಳಿದಳು.

“ಶಹಬ್ಬಾಸ್ ಅಮ್ಮ,” ಎಂದರು ಎರ್ರಿಸ್ವಾಮಿ. ಅವರ ಬಾಯಿಂದ ಆ ಮಾತು ಬಂದದ್ದನ್ನು ಅವಳು ಇದೇ ಮೊದಲು ಕೇಳಿದ್ದು.

*

ಸಂಜೆ ಠಾಣೆಯ ವರಾಂಡದ ಬೆಂಚಿನ ಮೇಲೆ ಮಂಜಮ್ಮ ಕುಳಿತಿದ್ದಳು. ಒಂದು ಪಕ್ಕ ಚಿದಾನಂದಪ್ಪ, ಇನ್ನೊಂದು ಪಕ್ಕ ಎರ್ರಿಸ್ವಾಮಿ. ಮೂವರ ಕೈಯಲ್ಲೂ ಚಹಾ. ಒಳಗಿನ ಕೋಣೆಯಲ್ಲಿ ಉಚ್ಚಂಗೆಮ್ಮ ಕಾಗದಪತ್ರ ಮುಗಿಸುತ್ತಿದ್ದಳು. ಸುಧಾರಾಣಿಯ ಬಿಡುಗಡೆಗೆ ಇನ್ನೊಂದೇ ಸಹಿ ಬಾಕಿಯಿತ್ತು.

ಬಂಧಿಸಿದ ದಿನ ಅವಳ ಕೈಚೀಲದಿಂದ ತೆಗೆದಿಟ್ಟ ಸಾಮಾನು ಮೇಜಿನ ಮೇಲಿತ್ತು. ಬೀಗದ ಕೈ, ಮೊಬೈಲು, ಒಂದು ಪೆನ್ ಡ್ರೈವ್. ಆಪರೇಟರೇ ಕಳ್ಳಿ ಎಂದು ತೀರ್ಮಾನವಾಗಿಬಿಟ್ಟಿದ್ದರಿಂದ ಅವನ್ನು ತೆರೆದು ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ. ಪ್ರಕರಣಕ್ಕೂ ಇವಕ್ಕೂ ಸಂಬಂಧವಿಲ್ಲ ಎಂದು ಬರೆದು ವಾಪಸು ಕೊಡಬೇಕು. ನೋಡದೆ ಹಾಗೆ ಬರೆಯುವ ಅಭ್ಯಾಸ ಉಚ್ಚಂಗೆಮ್ಮನಿಗಿಲ್ಲ. ಪೆನ್ ಡ್ರೈವನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಕಂಡರೆ ಕೆಂಪಾಗಿ ತೋರಿಸುವ ಹಾಗೆ ನಕಲಿ ಪ್ರೋಗ್ರಾಂನ ಹ್ಯಾಶನ್ನೂ ಪಟ್ಟಿಗೆ ಸೇರಿಸಿ, ತಾಳೆ ನೋಡಲು ಬಿಟ್ಟು ಚಹಾ ಕೈಗೆತ್ತಿಕೊಂಡಳು.

ಚಹಾ ಬಾಯಿಗೆ ಹೋಗಲಿಲ್ಲ. ಲ್ಯಾಪ್‌ಟಾಪ್ ಒಂದು ಸಾಲನ್ನು ಕೆಂಪಾಗಿಸಿ ನಿಂತಿತ್ತು.

ಫೈಲಿನ ಹೆಸರು ‘ಭಜನೆ ಹಾಡು’. ಹ್ಯಾಶ್ ಮಾತ್ರ ಸಿರುಗುಪ್ಪದ್ದು, ಕುರುಗೋಡಿನದು, ಅದೇ. ಅವಳು ಮತ್ತೊಮ್ಮೆ ಲೆಕ್ಕ ಹಾಕಿಸಿದಳು. ಮತ್ತೆ ಅದೇ ಬಂತು. ಹಂಪೇಶ ಎರಡೂ ಕಾಟಾಗಳಿಗೆ ಅದನ್ನು ಹಾಕಿದ್ದು ಯುಗಾದಿಯ ನಂತರ. ಈ ಪೆನ್ ಡ್ರೈವಿಗೆ ಅದು ಬಂದು ಕುಳಿತದ್ದು ಶಿವರಾತ್ರಿಗೂ ಮೊದಲು.

ಬಾಗಿಲ ಬಳಿ ಸದ್ದಾಯಿತು. ಸುಧಾರಾಣಿ ಮುಖ ತೊಳೆದುಕೊಂಡು, ಜಡೆ ಹೆಣೆದುಕೊಂಡು ನಗುತ್ತಾ ನಿಂತಿದ್ದಳು.

“ಅಕ್ಕಾ, ಆತೇನ್ರಿ? ಅವ್ವ ಊರಿಗೆ ಹೋಗಾಕ ಗಡಿಬಿಡಿ ಮಾಡಾಕತ್ತಾಳ.”

ಉಚ್ಚಂಗೆಮ್ಮ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದಳು. ಬೆಳಗಿನಿಂದ ಈ ಹುಡುಗಿಗಾಗಿ ಊರೂರು ಸುತ್ತಿದ್ದಳು. ಈಗ ಅವಳ ಮುಖ ನೋಡಲು ಉಚ್ಚಂಗೆಮ್ಮನಿಗೇ ಹೆದರಿಕೆಯಾಯಿತು.

ಸುಧಾರಾಣಿ ಕೆಂಪು ಸಾಲನ್ನು ನೋಡಿದಳು. ನಗು ಮಾಯವಾಯಿತು. ಅವಳು ಅಳಲಿಲ್ಲ, ನನಗೇನೂ ಗೊತ್ತಿಲ್ಲ ಎಂದೂ ಅನ್ನಲಿಲ್ಲ. ಹಿಂದೆ ತಿರುಗಿ, ವರಾಂಡದ ಬೆಂಚಿನ ಮೇಲೆ ತಾಯಿಗೆ ಏನೋ ಹೇಳಿ ನಗಿಸುತ್ತಿದ್ದ ಎರ್ರಿಸ್ವಾಮಿಯನ್ನು ಒಂದು ಗಳಿಗೆ ದಿಟ್ಟಿಸಿ, ಬಾಗಿಲನ್ನು ಮೆಲ್ಲಗೆ ಒಳಗಿನಿಂದ ಹಾಕಿಕೊಂಡಳು.

“ಸಣ್ಣಗೆ ಮಾತಾಡ್ರಿ ಅಕ್ಕಾ,” ಎಂದಳು. “ಇದನ್ನ ನನ್ನ ಕೈಲೇ ಮಾಡಿಸಿದೋರು ಹೊರಗ ನಮ್ಮವ್ವನ ಪಕ್ಕದಾಗ ಕುಂತಾರ.”